ಮಂಚಕ್ಕೆ ಕೂಡಿಸುವ ತೊಟ್ಟಿಲು: ಒಂದು ಪರಿಶೀಲನೆ

ಬೆಡ್‌ಸೈಡ್ ಕ್ರಿಬ್ ಎಂದರೆ ಒಂದು ಮಗ್ಗುಲನ್ನು ಇಳಿಸಿ, ತಾಯಿಯ ಮಂಚಕ್ಕೆ ಪಟ್ಟಿಗಳಿಂದ ಬಿಗಿದು ನಿಲ್ಲಿಸುವ ಪುಟ್ಟ ಹಾಸಿಗೆ. ಮೂರು ಬದಿಗಳಲ್ಲಿ ಎತ್ತರದ ತಡೆ, ತಾಯಿಯ ಕಡೆಗೆ ಮಾತ್ರ ಗಿಡ್ಡ ಅಂಚು. ಮಗು ಕೈಗೆಟಕುವಷ್ಟು ಹತ್ತಿರವಿರಬೇಕು, ಅದು ಮಲಗುವ ಜಾಗ ಮಾತ್ರ ಬೇರೆಯಾಗಿರಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಲು ಇದನ್ನು ರೂಪಿಸಲಾಗಿದೆ. ಕರ್ನಾಟಕದ ನಗರಗಳ ಅಂಗಡಿಗಳಲ್ಲಿ ಈಗ ತೊಟ್ಟಿಲು, ಸ್ಪ್ರಿಂಗ್ ಜೋಲಿಗಳ ಸಾಲಿನಲ್ಲಿ ಇದೂ ನಿಂತಿದೆ. ಬಣ್ಣ, ಚಕ್ರ, ತೂಗುವ ಸೌಕರ್ಯಗಳನ್ನು ತೋರಿಸಿ ಮಾರಲಾಗುವ ಈ ವಸ್ತುವಿನ ಯೋಗ್ಯತೆಯನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡು ಹಾಸಿಗೆಗಳು ಕೂಡುವ ಸಂದು.

ಬೇಡಿಕೆಗಳೆರಡಕ್ಕೂ ವೈದ್ಯಕೀಯ ಆಧಾರವಿದೆ. ತಾಯಿ ಮಗು ಹಗಲಿರುಳೂ ಒಂದೇ ಕೋಣೆಯಲ್ಲಿರಬೇಕೆಂಬುದು ಎದೆಹಾಲೂಡಿಕೆಯನ್ನು ಬೆಂಬಲಿಸಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಹತ್ತು ಹೆಜ್ಜೆಗಳಲ್ಲಿ ಒಂದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಸಲಹೆಯ ಪ್ರಕಾರ, ಕನಿಷ್ಠ ಮೊದಲ ಆರು ತಿಂಗಳು ಮಗು ಹೆತ್ತವರ ಕೋಣೆಯಲ್ಲೇ, ಆದರೆ ತನ್ನದೇ ಹಾಸಿಗೆಯಲ್ಲಿ ಮಲಗಬೇಕು. ನಿದ್ದೆಯಲ್ಲಿ ಸಂಭವಿಸುವ ಹಠಾತ್ ಶಿಶುಮರಣ ಹೆಚ್ಚಾಗಿ ಕಾಣುವುದು ಒಂದರಿಂದ ನಾಲ್ಕು ತಿಂಗಳ ನಡುವೆ. ಅದರ ಜೊತೆಗೆ ಉಸಿರುಕಟ್ಟುವ ಅಪಾಯವೂ ಇದೆ. ಎಳೆಗೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಭಾರವಾದುದು, ಕುತ್ತಿಗೆಗೆ ಬಲವಿಲ್ಲ, ಶ್ವಾಸನಾಳ ಕಿರಿದು. ಮೆತ್ತನೆಯ ಹಾಸಿಗೆಯಲ್ಲಿ ಮುಖ ಹೂತರೆ ಅದಕ್ಕೆ ತಲೆ ತಿರುಗಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ.

ಹತ್ತಿರವಿರುವುದರ ಲಾಭ ಎಷ್ಟು ಎಂಬುದನ್ನು ಇಂಗ್ಲೆಂಡಿನ ಸಂಶೋಧಕಿ ಹೆಲೆನ್ ಬಾಲ್ ಮತ್ತು ಸಂಗಡಿಗರು ಆಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲೇ ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಬಿಡಿ ತೊಟ್ಟಿಲಲ್ಲಿ ಮಲಗಿದ ಕೂಸುಗಳಿಗಿಂತ ಮಂಚಕ್ಕೆ ಕೂಡಿಸಿದ ತೊಟ್ಟಿಲಲ್ಲಿದ್ದ ಕೂಸುಗಳು ಹೆಚ್ಚು ಬಾರಿ ಹಾಲು ಕುಡಿಯಲು ಯತ್ನಿಸಿದ್ದು ಕಂಡುಬಂತು. ಆದರೆ ಅದೇ ತಂಡದ ಮುಂದಿನ, ಇನ್ನೂ ದೊಡ್ಡ ಅಧ್ಯಯನದಲ್ಲಿ, ಆಸ್ಪತ್ರೆಯ ಆ ಕೆಲವು ದಿನಗಳ ಸಾಮೀಪ್ಯದಿಂದ ಎದೆಹಾಲೂಡಿಕೆಯ ಒಟ್ಟು ಅವಧಿ ಹೆಚ್ಚಿದ್ದು ಕಾಣಲಿಲ್ಲ. ಸಿಸೇರಿಯನ್ ಆದ ತಾಯಿಗೆ ಏಳದೆಯೇ ಮಗುವನ್ನು ಎತ್ತಿಕೊಳ್ಳಲು ಈ ತೊಟ್ಟಿಲು ನೆರವಾಗುತ್ತದೆ ಎಂಬುದು ನಿಜ. ಅದಕ್ಕಿಂತ ಹೆಚ್ಚಿನ ಗುಣವನ್ನು ಇದಕ್ಕೆ ಆರೋಪಿಸಲು ಈ ಅಧ್ಯಯನಗಳು ಆಧಾರ ಒದಗಿಸುವುದಿಲ್ಲ.

ತೊಟ್ಟಿಲಿನ ರಚನೆಯಲ್ಲಿ ಲೋಪವಿದ್ದರೆ ಏನಾಗಬಹುದು ಎಂಬುದಕ್ಕೆ 2008ರ ಅಮೆರಿಕದ ಪ್ರಕರಣ ಸಾಕ್ಷಿ. ಸಿಂಪ್ಲಿಸಿಟಿ ಕಂಪನಿಯ, ಮಂಚದ ಪಕ್ಕಕ್ಕೂ ಬಳಸಬಹುದಾಗಿದ್ದ ತೊಟ್ಟಿಲಿನಲ್ಲಿ ಲೋಹದ ಅಡ್ಡಪಟ್ಟಿಗಳನ್ನು ಬಟ್ಟೆಯ ಹೊದಿಕೆಯಿಂದ ಮುಚ್ಚಲಾಗಿತ್ತು. ಬಟ್ಟೆ ಸಡಿಲವಾದಾಗ ಪಟ್ಟಿಗಳ ನಡುವೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತಿತ್ತು. ಹೀಗೆ ಇಬ್ಬರು ಶಿಶುಗಳು ಸತ್ತ ಮೇಲೆ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅದನ್ನು ಬಳಸಬೇಡಿರೆಂದು ಸಾರಿತು. ಬೆಡ್‌ಸೈಡ್ ತೊಟ್ಟಿಲಿಗೇ ಪ್ರತ್ಯೇಕವಾದ ಕಡ್ಡಾಯ ಮಾನದಂಡ ಅಮೆರಿಕದಲ್ಲಿ 2014ರಲ್ಲಿ ಬಂತು. ಯುರೋಪಿನ ಇಎನ್ 1130 ಮಾನದಂಡದ 2019ರ ಆವೃತ್ತಿ ಈ ಬಗೆಯ ತೊಟ್ಟಿಲುಗಳನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಇಳಿಸಿದ ಮಗ್ಗುಲಿನಲ್ಲೂ ಹಾಸಿಗೆಗಿಂತ ಮೇಲೆ ಸುಮಾರು 12 ಸೆಂ.ಮೀ. ತಡೆ ಉಳಿಯಬೇಕೆಂಬ ನಿಯಮ ಅದರದು. ಮಗು ಉರುಳಿ ದೊಡ್ಡವರ ಹಾಸಿಗೆಗೆ ಬಾರದಂತೆ, ದೊಡ್ಡವರ ಹೊದಿಕೆ ಮಗುವಿನ ಮೇಲೆ ಸರಿಯದಂತೆ ಕಾಯುವುದು ಈ ಗಿಡ್ಡ ಅಂಚೇ. ಮಗ್ಗುಲು ಪೂರ್ತಿ ತೆರೆದು ಎರಡು ಹಾಸಿಗೆಗಳು ಒಂದೇ ಮಟ್ಟಕ್ಕೆ ಬರುತ್ತವೆ ಎಂದು ಹೆಮ್ಮೆಯಿಂದ ಮಾರುವ ಮಾದರಿಗಳಲ್ಲಿ ಈ ರಕ್ಷಣೆಯೇ ಇರುವುದಿಲ್ಲ.

ಭಾರತದ ಮನೆಗಳಲ್ಲಿ ಈ ಕೂಡಿಕೆ ಇನ್ನಷ್ಟು ಕಷ್ಟ. ಹೆಚ್ಚಿನ ಬೆಡ್‌ಸೈಡ್ ತೊಟ್ಟಿಲುಗಳ ಕಾಲುಗಳು ಮಂಚದ ಅಡಿಗೆ ತೂರಿಕೊಳ್ಳುವಂತೆ ಮಾಡಿದವು. ಇಲ್ಲಿ ಸಾಮಾನ್ಯವಾಗಿರುವ, ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚಕ್ಕೆ ಅಡಿಯಲ್ಲಿ ಜಾಗವೇ ಇಲ್ಲ. ಕಾಲು ತೂರದಿದ್ದರೆ ತೊಟ್ಟಿಲು ಮಂಚದಿಂದ ದೂರ ಉಳಿದು, ನಡುವೆ ಕೂಸಿನ ಮೈ ಇಳಿಯುವಷ್ಟು ಕಂದಕ ಬೀಳುತ್ತದೆ. ಆ ಕಂದಕಕ್ಕೆ ದಿಂಬನ್ನೋ ಮಡಿಸಿದ ಕೌದಿಯನ್ನೋ ತುರುಕುವುದು ಒಂದು ಅಪಾಯವನ್ನು ಇನ್ನೊಂದರಿಂದ ಮುಚ್ಚಿದಂತೆ. ಹಾಸಿಗೆಯನ್ನು ಒಳಗೆ ಹುದುಗಿಸಿಕೊಂಡು ಸುತ್ತ ಮರದ ಅಂಚು ಎದ್ದಿರುವ ಮಂಚಗಳಲ್ಲಿಯೂ ತೊಟ್ಟಿಲು ಹಾಸಿಗೆಗೆ ತಾಗಿ ನಿಲ್ಲುವುದಿಲ್ಲ. ನೆಲದ ಮೇಲೆ ಹಾಸಿಗೆ ಹಾಸಿ ಮಲಗುವ ಮನೆಗೆ ಈ ಸಾಧನ ಹೊಂದುವುದೇ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ಅಳೆಯಬೇಕಾದುದು ಮಂಚವನ್ನು: ನೆಲದಿಂದ ಹಾಸಿಗೆಯ ಮೇಲ್ಮೈವರೆಗಿನ ಎತ್ತರ, ಮಂಚದ ಅಡಿಯ ತೆರವು, ಪಟ್ಟಿಯನ್ನು ಆಚೆ ಬದಿಯವರೆಗೆ ಎಳೆದು ಬಿಗಿಯಲು ಇರುವ ಆಸರೆ. ಬಿಗಿದ ಮೇಲೆ ಜೋರಾಗಿ ಎಳೆದರೂ ಸಂದು ಬಿಡಬಾರದು. ಬಿಟ್ಟರೆ ಮಗ್ಗುಲನ್ನು ಪೂರ್ತಿ ಏರಿಸಿ, ಅದನ್ನೇ ಬಿಡಿ ತೊಟ್ಟಿಲಾಗಿ ಮಂಚದ ಬಳಿ ಇಡುವುದು ಲೇಸು. ತಾಯಿಯ ಸಾಮೀಪ್ಯ ಆಗಲೂ ಬಹುಪಾಲು ಉಳಿಯುತ್ತದೆ.

ಒಳಭಾಗದ ನಿಯಮಗಳು ಸರಳ. ಹಾಸು ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು. ಒತ್ತಿ ಕೈ ತೆಗೆದರೆ ಕುಳಿ ಉಳಿಯಬಾರದು. ಹಾಸಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು. ಮರದ ಕಂಬಿಗಳಿದ್ದರೆ ಅವುಗಳ ನಡುವಿನ ಅಂತರ ಸುಮಾರು 6 ಸೆಂ.ಮೀ. ಮೀರಬಾರದು, ಜಾಲರಿಯಾದರೆ ಬಿಗಿಯಾಗಿದ್ದು ಗಾಳಿಯಾಡಬೇಕು. ಹಾಸಿಗೆ ಅಳವಟ್ಟ ಒಂದು ಹೊದಿಕೆಯ ಹೊರತು ಒಳಗೆ ಬೇರೇನೂ ಬೇಡ. ಆದರೂ ತೊಟ್ಟಿಲಿನ ಜೊತೆಗೆ ಅಂಚಿನ ಮೆತ್ತೆ, ಸಣ್ಣ ದಿಂಬು, ಬೊಂಬೆಗಳನ್ನು ಕೊಡುಗೆಯಾಗಿ ಸೇರಿಸಿ ಮಾರುವುದುಂಟು. ಇವುಗಳಲ್ಲಿ ಅಂಚಿನ ಮೆತ್ತೆಯನ್ನೂ, 10 ಡಿಗ್ರಿಗಿಂತ ಹೆಚ್ಚು ಓರೆಯಾದ ಮಲಗು ಸಾಧನಗಳನ್ನೂ ಅಮೆರಿಕ 2022ರ ಕಾಯ್ದೆಯಿಂದ ನಿಷೇಧಿಸಿದೆ. ತಲೆಯ ಕಡೆ ಎತ್ತರಿಸಿದರೆ ಹಾಲು ಕಕ್ಕುವುದು ತಪ್ಪುತ್ತದೆ ಎಂಬ ಹೇಳಿಕೆಯೂ ನಿಲ್ಲುವಂಥದ್ದಲ್ಲ. ಓರೆಯಲ್ಲಿ ಮಗು ಜಾರಿ ಗಲ್ಲ ಎದೆಗೆ ಒತ್ತುತ್ತದೆ. ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳಕ್ಕಿಂತ ಮೇಲಿರುವುದರಿಂದ, ಕಕ್ಕಿದ ಹಾಲು ಉಸಿರಿನ ದಾರಿಗೆ ಹೋಗುವ ಸಂಭವ ಕಡಿಮೆ.

ಇದೇ ಅಳತೆಗೋಲನ್ನು ಮನೆಯ ಹಳೆಯ ಪದ್ಧತಿಗಳಿಗೂ ಹಿಡಿಯಬೇಕು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ಮರದ ತೊಟ್ಟಿಲು ನಾಮಕರಣದ ದಿನಕ್ಕೆ ಒಪ್ಪುವ ಕಲಾಕೃತಿ. ತೂಗಾಟ ನಿಲ್ಲಿಸಿದಾಗ ಅದರ ತಳ ಸಮತಟ್ಟು ಎಂಬುದು ಅದರ ಪರವಾದ ಅಂಶ. ಕಂಬಿಗಳ ಅಂತರವನ್ನು ಮಾತ್ರ ಅಳೆದೇ ನಂಬಬೇಕು. ಸೀರೆಯ ಜೋಲಿ, ಸ್ಪ್ರಿಂಗ್ ಜೋಲಿಗಳಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಬಟ್ಟೆ ಮುಖಕ್ಕೆ ಹತ್ತಿರವಾಗುತ್ತದೆ. ಎಚ್ಚರವಿರುವವರ ಕಣ್ಣೆದುರು ಹಗಲಿನಲ್ಲಿ ಸ್ವಲ್ಪ ಹೊತ್ತು ತೂಗಿ ಸಮಾಧಾನಪಡಿಸುವುದಕ್ಕೂ, ಎಲ್ಲರೂ ನಿದ್ದೆಹೋದ ರಾತ್ರಿ ಮಗುವನ್ನು ಅದರಲ್ಲೇ ಬಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ತಲೆ ದುಂಡಗಾಗಲೆಂದು ಇಡುವ ರಾಗಿ, ಸಾಸಿವೆಯ ದಿಂಬು, ಸೆಖೆಯಲ್ಲೂ ತೊಡಿಸುವ ಕುಲಾವಿ, ಕುತ್ತಿಗೆಯ ಕರಿಮಣಿ ಸರ, ತೊಟ್ಟಿಲ ಮೇಲೆ ಕೈಗೆಟಕುವಂತೆ ಇಳಿಬಿಟ್ಟ ಬೊಂಬೆಯ ದಾರ, ಇವೆಲ್ಲವೂ ನಿದ್ದೆಯ ವೇಳೆಗೆ ಹೊರಗಿರಬೇಕಾದವು. ಸೊಳ್ಳೆಪರದೆ ಮಾತ್ರ ಇಲ್ಲಿ ಅಗತ್ಯ. ಅದು ಹೊರಗಿನಿಂದ ಬಿಗಿಯಾಗಿ ನಿಲ್ಲಬೇಕು, ಮಗುವಿನ ಮೇಲೆ ಜೋತು ಬೀಳಬಾರದು.

ಬಳಕೆಯ ಅವಧಿ ಚಿಕ್ಕದು. ಮಗು ಮಂಡಿ, ಅಂಗೈಗಳ ಮೇಲೆ ಮೈಯೆತ್ತಲು ತೊಡಗಿದರೆ, ಅಂದರೆ ಸುಮಾರು ಐದಾರು ತಿಂಗಳಿಗೆ, ಗಿಡ್ಡ ಅಂಚು ಸಾಲದು. ತೂಕದ ಮಿತಿ ಹಲವು ಮಾದರಿಗಳಲ್ಲಿ 9 ಕೆ.ಜಿ. ಆಸುಪಾಸಿನಲ್ಲಿದೆ, ಎರಡರಲ್ಲಿ ಯಾವುದು ಮೊದಲು ಬಂದರೂ ದೊಡ್ಡ ತೊಟ್ಟಿಲಿಗೆ ಬದಲಾಯಿಸಬೇಕು. ಅವಧಿ ಚಿಕ್ಕದಾದ್ದರಿಂದ ಬಂಧುಗಳಿಂದ ಬಂದ ಹಳೆಯ ತೊಟ್ಟಿಲನ್ನು ಬಳಸುವುದು ಸಹಜ. ಮೂಲ ಪಟ್ಟಿ, ಬಕಲ್, ತಿರುಪುಗಳೆಲ್ಲ ಇದ್ದರೆ, ಹಾಸು ತಗ್ಗು ಬೀಳದಿದ್ದರೆ ಅದರಲ್ಲಿ ತಪ್ಪಿಲ್ಲ. ಕಳೆದುಹೋದ ಪಟ್ಟಿಗೆ ಬದಲಾಗಿ ಹಗ್ಗ ಕಟ್ಟಿದ ತೊಟ್ಟಿಲು ಮಾತ್ರ ಬೇಡ.

ಒಟ್ಟಿನಲ್ಲಿ, ಕೆಳಗೆ ತೆರವಿರುವ ಮಂಚ, ಅದಕ್ಕೆ ಹೊಂದುವ ಎತ್ತರ, ಮಾನದಂಡಕ್ಕೆ ತಕ್ಕ ಅಂಚು ಇರುವ ಮನೆಯಲ್ಲಿ ಬೆಡ್‌ಸೈಡ್ ಕ್ರಿಬ್ ಮೊದಲ ತಿಂಗಳುಗಳಿಗೆ ಒಳ್ಳೆಯ ಆಯ್ಕೆ. ಇವುಗಳಲ್ಲಿ ಒಂದು ತಪ್ಪಿದರೂ, ಅದಕ್ಕಿಂತ ಕಡಿಮೆ ಬೆಲೆಯ, ನಾಲ್ಕೂ ಬದಿ ಎತ್ತರವಿರುವ, ಗಟ್ಟಿ ಹಾಸಿನ ಸಾದಾ ತೊಟ್ಟಿಲು ಅದಕ್ಕಿಂತ ಸುರಕ್ಷಿತ.