ಹೇಟೆಯಿಲ್ಲದ ಮರಿಗೆ ಕಾವು

ಹಿತ್ತಲಲ್ಲಿ ಕೋಳಿ ಸಾಕುವವರ ಕೈಗುಣ ತಿಳಿಯುವುದು ಮರಿಗಳ ಮೊದಲ ವಾರದಲ್ಲಿ. ನಾಟಿ ಹೇಟೆ ತಾನೇ ಕಾವು ಕೂತು ಮಾಡಿದ ಮರಿಗೆ ನಮ್ಮಿಂದ ಆಗಬೇಕಾದ್ದು ಕಡಿಮೆ. ಹದ್ದು, ಮುಂಗುಸಿಯಿಂದ ಕಾದರೆ ಸಾಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ತಳಿಯ ಮರಿಗಳ ಕಥೆ ಬೇರೆ. ಅವು ಯಂತ್ರದಲ್ಲಿ ಮೊಟ್ಟೆಯೊಡೆದು, ರಟ್ಟಿನ ಪೆಟ್ಟಿಗೆಯಲ್ಲಿ ಊರು ಸೇರುತ್ತವೆ. ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಹೋಗಬಹುದು. ನಮ್ಮ ಹಾಸನವಾದರೋ 3,000 ಅಡಿ ಎತ್ತರದ ಸೀಮೆ. ಧನುರ್ಮಾಸದ ಬೆಳಗಿನ ಜಾವ ಇಲ್ಲಿ 14–15 ಡಿಗ್ರಿ. ನಡುವಿನ ಈ 20 ಡಿಗ್ರಿಯನ್ನು ತುಂಬುವ ಆತುರದಲ್ಲೇ ಕೊಟ್ಟಿಗೆಗೆ ಬೆಂಕಿ ಬೀಳುವುದು.

ನಮ್ಮಲ್ಲಿ ಮರಿಯ ಕಾಲಡಿ ಹಾಸುವುದೆಲ್ಲ ಉರಿಯುವಂಥದ್ದೇ. ಹೊಳೆನರಸೀಪುರದ ಕಡೆ ಹೇಮಾವತಿ ನಾಲೆಯ ಗದ್ದೆಗಳ ಭತ್ತದ ಹೊಟ್ಟು, ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿನ ಪುಡಿ, ಅದರ ಮೇಲೆ ಹಳೇ ಪೇಪರು. ಹೊಟ್ಟು ಒಣಹುಲ್ಲಿನ ಹಾಗೆ ಭಗ್ಗನೆ ಹೊತ್ತಿಕೊಳ್ಳುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಕನಲಿ, ಗಾಳಿ ಸಿಕ್ಕಾಗ ಏಳುತ್ತದೆ. ಮಲಗುವ ಮುಂಚೆ ಎಲ್ಲ ನೋಡಿ ಬಂದವರಿಗೂ ನಡುರಾತ್ರಿ ಬೆಂಕಿ ಕಾಣುವುದು ಇದಕ್ಕೇ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ರೈತರಿಗೆ ಈ ಮಾತು ಹೇಳಿಕೊಡಬೇಕಿಲ್ಲ. ಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಕಾದ ಕೊಳವೆಯ ಮೇಲೆ ಒಂದು ಒಣ ಎಲೆ ಬಿದ್ದರೆ ಏನಾಗುತ್ತದೆಂದು ಅವರು ಬಲ್ಲರು. ಅದೇ ಎಚ್ಚರ ಮರಿಗಳ ಗೂಡಿಗೂ ಬೇಕು.

ಅಂಗಡಿಗಳಲ್ಲಿ ಈಗ ಎಲ್‌ಇಡಿ ಬಲ್ಬುಗಳದ್ದೇ ರಾಜ್ಯ. ಅವು ಬೆಳಕು ಕೊಡುತ್ತವೆ, ಕಾವು ಕೊಡುವುದಿಲ್ಲ. ಹಳೇ 60 ವ್ಯಾಟಿನ ಬುರುಡೆ ಬಲ್ಬು ಸಿಗದೆ ಜನ ನೇರವಾಗಿ 250 ವ್ಯಾಟಿನ ಕೆಂಪು ಬಲ್ಬಿಗೆ ಹಾರುತ್ತಾರೆ. ಮರಿಯೊಂದಕ್ಕೆ 2 ವ್ಯಾಟ್ ಎಂಬುದು ಒಳ್ಳೆಯ ಲೆಕ್ಕ. ಮೂವತ್ತು ಮರಿಗೆ 60 ವ್ಯಾಟ್ ಸಾಕಾಗುವಲ್ಲಿ 250 ಯಾಕೆ? ಸ್ವಲ್ಪ ಹುಡುಕಿಯಾದರೂ ಹಳೇ ಬಲ್ಬನ್ನೇ ತನ್ನಿ.

ತಂದ ಮೇಲೆ ಅದನ್ನು ಅದರ ವೈರಿನಿಂದಲೇ ಇಳಿಬಿಡಬೇಡಿ. ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡದು ಇದು. ಗಂಟು ಜಾರುತ್ತದೆ, ಇಲಿ ಕಡಿಯುತ್ತದೆ, ದೊಡ್ಡ ಕೋಳಿ ಹಾರಿ ರೆಕ್ಕೆ ಬಡಿಯುತ್ತದೆ. ಬಲ್ಬು ಹೊಟ್ಟಿನ ಮೇಲೆ ಬೀಳುತ್ತದೆ. ತೊಲೆಗೆ ಸರಪಳಿ ಕಟ್ಟಿ, ಅದು ಕಳಚಿದರೂ ಹಿಡಿದುಕೊಳ್ಳುವಂತೆ ಬೇರೆ ಮೊಳೆಗೆ ಇನ್ನೊಂದು ಕಬ್ಬಿಣದ ತಂತಿ ಬಿಗಿಯಿರಿ. ಪ್ಲಾಸ್ಟಿಕ್ ಹೋಲ್ಡರ್ ಕಾವಿಗೆ ಮೆತ್ತಗಾಗುತ್ತದೆ, ಪಿಂಗಾಣಿಯದ್ದೇ ಇರಲಿ. ಬಲ್ಬಿನ ಸುತ್ತ ಜಾಲರಿ ಇರಲಿ, ಹೊಟ್ಟಿನಿಂದ ಒಂದೂವರೆ ಅಡಿ ಮೇಲಿರಲಿ. ಟೇಪು ಸುತ್ತಿದ ಜೋಡಣೆ ಗೂಡಿನೊಳಗೆ ಬೇಡವೇ ಬೇಡ. ನೀರಿನ ಬಟ್ಟಲು ದೂರ. ಕಾದ ಗಾಜಿಗೆ ಒಂದು ಹನಿ ತಾಕಿದರೂ ಒಡೆಯಬಹುದು. ಚಳಿಯೆಂದು ಬಲ್ಬಿನ ಮೇಲೆ ಗೋಣಿಚೀಲ ಹೊದಿಸುವವರನ್ನು ದಯವಿಟ್ಟು ತಡೆಯಿರಿ.

ಗೋಣಿಚೀಲದ ಕೆಲಸವನ್ನು ತಗಡು ಮಾಡುತ್ತದೆ. ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ನಿಲ್ಲಿಸಿದರೆ ನೆಲದ ಮಟ್ಟದ ಗಾಳಿ ನಿಲ್ಲುತ್ತದೆ, ಮೇಲಿನ ಗಾಳಿ ಆಡುತ್ತಿರುತ್ತದೆ. ಮೂಲೆಯಿಲ್ಲದ್ದರಿಂದ ಮರಿಗಳು ಒಂದರ ಮೇಲೊಂದು ಬಿದ್ದು ಸಾಯುವುದಿಲ್ಲ. ಬಲ್ಬು ಒಂದು ಬದಿಗಿರಲಿ, ಇನ್ನೊಂದು ಬದಿ ತಂಪಾಗಿರಲಿ, ಸೆಕೆಯಾದ ಮರಿಗೆ ಓಡಲು ಜಾಗ ಬೇಕು. ನಂತರ ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗೂಡಿ ಚೀಂವ್‌ಗುಟ್ಟಿದರೆ ಚಳಿ. ತಗಡಿಗಂಟಿ ಬಾಯಿ ತೆರೆದು ಏದುಸಿರು ಬಿಟ್ಟರೆ ಕಾವು ಹೆಚ್ಚಾಯಿತು. ಎಲ್ಲೆಡೆ ಹರಡಿಕೊಂಡು, ಮೇಯುತ್ತ, ಮಲಗುತ್ತ, ಸಣ್ಣಗೆ ಸದ್ದು ಮಾಡುತ್ತಿದ್ದರೆ ಏನನ್ನೂ ಮುಟ್ಟಬೇಡಿ. ಆ ಸದ್ದನ್ನು ಕಿವಿ ಒಮ್ಮೆ ಗುರುತು ಹಿಡಿದರೆ ಸಾಕು, ಕತ್ತಲಲ್ಲೂ ಬಾಗಿಲಾಚೆ ನಿಂತೇ ಮರಿಗಳ ಹದ ಹೇಳಬಹುದು.

ರಾತ್ರಿ ಕರೆಂಟ್ ಹೋದಾಗ ಕರಟದ ಇದ್ದಿಲು ನೆನಪಾಗುವುದು ಸಹಜ. ಚನ್ನರಾಯಪಟ್ಟಣದ ಮನೆಗಳಲ್ಲಿ ಕರಟಕ್ಕೇನು ಬರ? ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡವಿಡಬೇಡಿ. ಅದರಿಂದ ಏಳುವ ವಾಸನೆಯಿಲ್ಲದ ವಿಷಗಾಳಿ ಮರಿಗಳನ್ನಷ್ಟೇ ಅಲ್ಲ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ಬಚ್ಚಲ ಹಂಡೆಯ ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ ಮರಿಗಳ ನಡುವೆ ಮಲಗಿಸಿ. ತಣ್ಣಗಾದಂತೆ ಬದಲಿಸುತ್ತಿದ್ದರೆ ರಾತ್ರಿ ಕಳೆಯುತ್ತದೆ.

ಇಷ್ಟೆಲ್ಲದರ ಬದಲು ನನಗೆ ಪ್ರಿಯವಾದ ದಾರಿ ಒಂದಿದೆ. ಮನೆಯಲ್ಲೋ ನೆರೆಯಲ್ಲೋ ಕಾವು ಕೂತ ನಾಟಿ ಹೇಟೆಯಿದ್ದರೆ, ಅದರ ಮೊಟ್ಟೆ ಒಡೆಯುವ ದಿನಕ್ಕೆ ಹೊಂದುವಂತೆ ಹತ್ತು–ಹನ್ನೆರಡು ಮರಿ ತರಿಸಿ. ಒಂದೆರಡು ದಿನದ ಮರಿಗಳಾಗಿರಬೇಕು. ಕತ್ತಲಾದ ಮೇಲೆ, ದೀಪ ಹಚ್ಚದೆ, ಒಂದೊಂದಾಗಿ ಅದರ ಹೊಟ್ಟೆಯಡಿ ಸರಿಸಿ. ಎಲ್ಲ ಹೇಟೆಗಳೂ ಒಪ್ಪುವುದಿಲ್ಲ. ಬೆಳಗಾಗುವ ಮುಂಚೆ ಎದ್ದು ನೋಡಿ. ಕುಕ್ಕುತ್ತಿದ್ದರೆ ಕೂಡಲೇ ಬೇರ್ಪಡಿಸಿ ಬಲ್ಬಿನಡಿ ಬಿಡಿ.