ಎಂಜಿನ್ನಿನ ನಾಡಿ ಹಿಡಿಯುವ ಪರದೆ

ಕಾರಿನ ಎಂಜಿನ್ ದೀಪ ಹೊತ್ತಿಕೊಂಡಾಗ ಸ್ಕ್ಯಾನರ್ ಪಿ0301 ಎಂಬ ಕೋಡ್ ತೋರಿಸಿತು ಎನ್ನಿ. ಮೊದಲ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ ಎಂದು ಅದರರ್ಥ. ತಪ್ಪು ಕಾಯಿಲ್‌ನದೋ, ಇಂಜೆಕ್ಟರ್‌ನದೋ, ವಾಲ್ವ್‌ನದೋ? ಕೋಡ್ ಅಷ್ಟು ಹೇಳುವುದಿಲ್ಲ.

ಅಲ್ಲಿಂದ ಮುಂದಿನ ಕೆಲಸ ಆಸಿಲೋಸ್ಕೋಪಿನದು. 1897ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ಕಿರಣ ಕೊಳವೆಯಲ್ಲಿ ಇದರ ಬೇರಿದೆ. ಈಗ ಅದು ಲ್ಯಾಪ್‌ಟಾಪಿಗೆ ಯುಎಸ್‌ಬಿ ತಂತಿಯಿಂದ ಜೋಡಿಸುವ ಪುಟ್ಟ ಪೆಟ್ಟಿಗೆಯಾಗಿ ಮನೆಯ ಶೆಡ್ಡಿಗೂ ಬಂದಿದೆ. ಮಲ್ಟಿಮೀಟರ್ ಒಂದು ಅಂಕಿ ತೋರಿಸಿದರೆ, ಇದು ಮಿಲಿಸೆಕೆಂಡುಗಳಲ್ಲಾಗುವ ವಿದ್ಯುತ್ತಿನ ಏರಿಳಿತವನ್ನೇ ಗೆರೆಯಾಗಿ ಬಿಡಿಸುತ್ತದೆ.

ಇದರ ಅತ್ಯಂತ ಸೊಗಸಾದ ಪರೀಕ್ಷೆ ಕಂಪ್ರೆಶನ್ನಿನದು. ಬ್ಯಾಟರಿಯ ದಪ್ಪ ಕೇಬಲ್ಲಿಗೆ ಕರೆಂಟ್ ಕ್ಲ್ಯಾಂಪ್ ಹಾಕಿ, ಇಂಧನ ತಡೆದು, ಸ್ಟಾರ್ಟರ್ ತಿರುಗಿಸಬೇಕು. ಪ್ರತಿ ಸಿಲಿಂಡರ್ ಗಾಳಿಯನ್ನು ಅದುಮುವಾಗ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಪರದೆಯ ಮೇಲೆ ಸಾಲು ಉಬ್ಬುಗಳು ಮೂಡುತ್ತವೆ. ಒಂದು ಉಬ್ಬು ಗಿಡ್ಡವಾದರೆ ಆ ಸಿಲಿಂಡರ್ ದುರ್ಬಲ. ಒಂದು ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಬೇಕಿಲ್ಲ!

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದೋಷವನ್ನೂ ಇದು ಹಿಡಿಯುತ್ತದೆ. ಅದರ ಒಂದು ಡಯೋಡ್ ಕೆಟ್ಟರೂ ಮೀಟರಿನಲ್ಲಿ 14 ವೋಲ್ಟ್ ಕಾಣಬಹುದು. ಸ್ಕೋಪಿನಲ್ಲಿ ಅಲೆಗಳ ನಡುವಿನ ಆಳವಾದ ಕುಸಿತ ಅದನ್ನು ಬಯಲು ಮಾಡುತ್ತದೆ.

ಇಗ್ನಿಷನ್ ಕಾಯಿಲಿನ ಪ್ರೈಮರಿ ಸುರುಳಿಯಲ್ಲಿ ವೋಲ್ಟೇಜ್ ನೂರಾರು ವೋಲ್ಟಿಗೆ ಚಿಮ್ಮುವುದರಿಂದ, ಅಲ್ಲಿ ಅಳೆಯುವ ಮುನ್ನ ಅದನ್ನು ತಗ್ಗಿಸುವ ಅಟೆನ್ಯುಯೇಟರ್ ಜೋಡಿಸುವುದು ಕಡ್ಡಾಯ. ಕಾರು ಸರಿಯಿದ್ದಾಗಲೇ ಅದರ ಗೆರೆಗಳನ್ನು ಉಳಿಸಿಟ್ಟವರಿಗೆ ಮುಂದೆ ಹೋಲಿಸಿ ನೋಡುವುದು ಸುಲಭ.