ತೋರಿಸಿಕೊಂಡು ಬರೋದು

2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಗೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗೆ ಮೀರಿದ್ದು. ಲಾಕ್‌ಡೌನ್‌ನ ಮೊದಲ ದಿನವೇ ಬಂದು ವೈದ್ಯರ ಕಾನೂನಿನ ಅಂಜಿಕೆ ಬಿಡಿಸಿತು, ಒಪ್ಪುತ್ತೇನೆ. ಆದರೆ ಅದನ್ನು ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ಕೂತು ಓದಬೇಕು. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಫೆಬ್ರವರಿಯಲ್ಲೇ ನಿಂತಿದ್ದವು. ಮಾರ್ಚ್‌ನಲ್ಲಿ ಉಳಿದವೂ ನಿಂತವು. ಮಣಿಪಾಲದ ಆಸ್ಪತ್ರೆಗೆ ಆಗುಂಬೆ ಘಾಟಿ ಇಳಿಯಬೇಕು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬೆಂಗಳೂರಿನ ತನಕ ಹೋಗಬೇಕು. ಕ್ಯಾನ್ಸರ್ ರೋಗಿಗೆ ಉಳಿದದ್ದು ಫೋನು.

ಫೋನಿನಲ್ಲಿ ‘ಫಾಲೋಅಪ್’ ಅನ್ನಿಸಿಕೊಳ್ಳಲು ಮಾರ್ಗಸೂಚಿಯ ಷರತ್ತುಗಳಿವೆ: ಅದೇ ವೈದ್ಯರು, ಅದೇ ಕಾಯಿಲೆ, ಮುಖತಃ ನೋಡಿ ಆರು ತಿಂಗಳೊಳಗೆ. ಹಿಂದಿನ ಚಿಕಿತ್ಸೆ ವೈದ್ಯರಿಗೆ ನೆನಪಿಲ್ಲದಿದ್ದರೂ ಅದು ಫಾಲೋಅಪ್ ಅಲ್ಲ. ಈ ಆರು ತಿಂಗಳ ಗೆರೆ ನನ್ನನ್ನು ಬಿಡದೆ ಕಾಡುತ್ತದೆ. ಕ್ಯಾನ್ಸರ್ ಆದವರನ್ನು ಮೊದಮೊದಲು ಕೆಲವು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೆ, ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ನೋಡುವುದು ವಾಡಿಕೆ. ಅಂದರೆ ಚೇತರಿಸಿಕೊಂಡವರೇ ಗೆರೆಯಾಚೆ ಬಿದ್ದು ‘ಹೊಸ ರೋಗಿ’ಯಾಗುತ್ತಾರೆ. ಹೊಸ ರೋಗಿಗೆ ಬರೀ ಮಾತಿನ ಕರೆಯಲ್ಲಿ ಬರೆದುಕೊಡಬಹುದಾದ್ದು ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವು. ಅದರಾಚೆಗೆ ವಿಡಿಯೊ ಬೇಕು. ಸ್ತನ ಕ್ಯಾನ್ಸರಿಗೆ ಹಲವು ವರ್ಷ ಟ್ಯಾಮೊಕ್ಸಿಫೆನ್ ಗುಳಿಗೆ ನುಂಗಬೇಕಾದ ಹೆಂಗಸು, ಮಾತಾಡುವಷ್ಟು ಸಿಗ್ನಲ್‌ಗೂ ಗುಡ್ಡ ಹತ್ತಬೇಕಾದ ಊರಲ್ಲಿ, ವಿಡಿಯೊ ಎಲ್ಲಿಂದ ತರಬೇಕು? ಜ್ವರ ನೆಗಡಿಯ ಅಳತೆ ತೆಗೆದು ವರ್ಷಗಟ್ಟಲೆಯ ಕಾಯಿಲೆಗೆ ಹೊಲಿದ ಅಂಗಿ ಇದು.

‘ದೂರವೇ ಅಳಿಯಿತು’ ಎಂದು ಸಂಭ್ರಮಿಸಿದ ಅಂಕಣಕಾರರ ಜೊತೆ ನನ್ನ ಜಗಳವಿದೆ. ಅವರು ಉಳಿತಾಯವಾದ ಕಿಲೋಮೀಟರುಗಳನ್ನು ಎಣಿಸಿದರು. ನಮ್ಮ ಕಡೆ ಫಾಲೋಅಪ್‌ಗೆ ‘ತೋರಿಸಿಕೊಂಡು ಬರೋದು’ ಎನ್ನುತ್ತಾರೆ. ಮಾತಾಡಿ ಬರೋದು ಎನ್ನುವುದಿಲ್ಲ. ಬಾಯಿ ಕ್ಯಾನ್ಸರ್ ಆದವರ ಕುತ್ತಿಗೆಯನ್ನು ವೈದ್ಯರು ದವಡೆಯಡಿಯಿಂದ ಹೆಗಲಿನ ತನಕ ಬೆರಳಲ್ಲಿ ಒತ್ತುತ್ತ ಗಂಟು ಹುಡುಕುತ್ತಾರೆ. ನೋಯದ ಗಂಟನ್ನು ರೋಗಿ ಫೋನಿನಲ್ಲಿ ಹೇಳಲಾರರು. ಅಡಿಕೆಯೇ ಕ್ಯಾನ್ಸರ್‌ಕಾರಕ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗದ ವರದಿ 2004ರಲ್ಲೇ ಪ್ರಕಟವಾಗಿದೆ. ಅಡಿಕೆ ಸೀಮೆಯವರು ಆ ಬೆರಳನ್ನು ಮರೆಯುವುದು ಹೇಗೆ? ಮಾರ್ಗಸೂಚಿಯಲ್ಲೂ ಒಂದು ಒಳ್ಳೆಯ ಪುಟವಿದೆ: ಎಎನ್‌ಎಂನಂಥ ಆರೋಗ್ಯ ಕಾರ್ಯಕರ್ತೆ ರೋಗಿಯನ್ನು ಪರೀಕ್ಷಿಸಿ ವೈದ್ಯರಿಗೆ ಕರೆ ಮಾಡುವ ಭಾಗ. ಮಲೆನಾಡಿಗೆ ಬೇಕಾದದ್ದು ಅದೇ. ಹೊಗಳಿದವರು ಆ ಪುಟಕ್ಕೆ ಬರಲೇ ಇಲ್ಲ, ಆ್ಯಪ್‌ಗಳ ಬಗ್ಗೆ ಬರೆದರು.

ಇನ್ನು ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್. ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಈ ಔಷಧವನ್ನು, ಮೊನ್ನೆಯಷ್ಟೇ ನೋಡಿದ ವೈದ್ಯರೂ ದೂರದಿಂದ ಬರೆಯುವಂತಿಲ್ಲ. ದುರುಪಯೋಗದ ಭಯ ನನಗೂ ಅರ್ಥವಾಗುತ್ತದೆ. ಆದರೆ ಅದೇ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದು ನೋವುಂಡವರಿಗೆ ಇಂಥ ಔಷಧ ಸುಲಭವಾಗಿ ಸಿಗಲೆಂದು. ಆರು ವರ್ಷದ ಮೇಲೆ, ರಸ್ತೆಗಳೆಲ್ಲ ಮುಚ್ಚಿದ ವಾರದಲ್ಲಿ, ಹೊಸ ಕಾಗದ ಆ ಗುಳಿಗೆಯ ಚೀಟಿಗಾಗಿ ಮತ್ತೆ ಘಾಟಿ ಇಳಿಯಿರಿ ಎಂದಿತು.